ಪಾತ್ರೆ ತೊಳೆಯುವ ಕೈ, ಸೆರಮೈಡ್ ಕ್ರೀಮು

ವೋಟು ಹಾಕಿದ ಗುರುತಿಗೆ ಎಡಗೈ ತೋರುಬೆರಳಿಗೆ ಬಳಿಯುವ ಶಾಯಿ ನಮ್ಮೂರಿನದ್ದು ಅನ್ನುವ ಹೆಮ್ಮೆ ಮೈಸೂರಿನವರಿಗೆಲ್ಲ ಇದೆ. 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಈಚೆಗೆ ಇಡೀ ದೇಶಕ್ಕೆ ಈ ಶಾಯಿ ಕೊಡುತ್ತಿದೆ. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಏನು ಹಾಕಿ ಉಜ್ಜಿದರೂ ಅದು ಬಿಡುವುದಿಲ್ಲ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದ ಮೇಲೆ ಕಪ್ಪಾಗಿ, ಅಲ್ಲೇ ಕೂತುಬಿಡುತ್ತದೆ.

ಆದರೂ ಕೊನೆಗೆ ಹೋಗುತ್ತದೆ. ಚರ್ಮದ ಮೇಲಿನದ್ದು ಎರಡು ಮೂರು ವಾರದಲ್ಲಿ ಹೋದರೆ, ಉಗುರಿನ ಮೇಲಿನದ್ದು ಉಗುರು ಬೆಳೆದು ಕತ್ತರಿಸುವ ತನಕ, ತಿಂಗಳುಗಟ್ಟಲೆ ಉಳಿಯುತ್ತದೆ. ಯಾಕೆ ಈ ವ್ಯತ್ಯಾಸ? ಶಾಯಿಯ ಬಣ್ಣ ಎರಡೂ ಕಡೆ ಗಟ್ಟಿಯಾಗಿಯೇ ಇರುತ್ತದೆ. ಚರ್ಮದಲ್ಲಿ ಶಾಯಿ ಹಿಡಿದ ಪದರವೇ ಉದುರಿಹೋಗುತ್ತದೆ. ಕೆಳಗಿನಿಂದ ಹೊಸದು ಬರುತ್ತದೆ. ಚರ್ಮದ ಆಳದಲ್ಲಿ ಹುಟ್ಟಿದ ಒಂದು ಜೀವಕೋಶ ಮೇಲಕ್ಕೆ ಬಂದು ಉದುರುವುದಕ್ಕೆ ಸುಮಾರು ನಾಲ್ಕು ವಾರ ಬೇಕು. ಅದರಲ್ಲಿ ಕೊನೆಯ ಎರಡು ವಾರ ಅದು ಸತ್ತ ಜೀವಕೋಶ. ಚಪ್ಪಟೆಯಾಗಿ, ಒಳಗೆಲ್ಲ ಕೆರಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿಕೊಂಡು, ಮೇಲಿನ ಪದರದಲ್ಲಿ ಕೂತಿರುತ್ತದೆ.

ಈ ಪದರಕ್ಕೆ ಸ್ಟ್ರೇಟಮ್ ಕಾರ್ನಿಯಮ್ ಎಂದು ಹೆಸರು. ಪಠ್ಯಪುಸ್ತಕಗಳು ಇದಕ್ಕೆ ಸಾಮಾನ್ಯವಾಗಿ ಒಂದೇ ಸಾಲು ಕೊಡುತ್ತವೆ. ಸತ್ತದ್ದರ ಬಗ್ಗೆ ಹೇಳುವುದು ಏನಿದೆ ಎಂದಿರಬೇಕು. ವೈದ್ಯರಿಗೂ ಬಹಳ ಕಾಲ ಹಾಗೇ ಅನ್ನಿಸಿತ್ತು. ಇದನ್ನು ಗಂಭೀರವಾಗಿ ನೋಡಿ ಎಂದು ಜೋರಾಗಿ ಹೇಳಿದವರಲ್ಲಿ ಅಮೆರಿಕದ ಆಲ್ಬರ್ಟ್ ಕ್ಲಿಗ್ಮನ್ ಒಬ್ಬರು, 1960ರ ದಶಕದಲ್ಲಿ. ಚರ್ಮದ ವಿಜ್ಞಾನದಲ್ಲಿ ಅವರದ್ದು ದೊಡ್ಡ ಹೆಸರು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೈಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಕ್ಕೆ ಕೆಟ್ಟ ಹೆಸರೂ ಅಷ್ಟೇ ದೊಡ್ಡದು. ಚರ್ಮದ ಬಗ್ಗೆ ನಮಗೆ ತಿಳಿದಿರುವುದು ಯಾರ ಚರ್ಮದಿಂದ ಬಂತು ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕು ಅಲ್ವಾ?

ದಪ್ಪ ಎಷ್ಟು ಎಂದು ಕೇಳಿದರೆ ನಗು ಬರುತ್ತದೆ. ತೋಳು, ಹೊಟ್ಟೆಯ ಮೇಲೆ 10ರಿಂದ 20 ಮೈಕ್ರಾನ್. ಜೆರಾಕ್ಸ್ ಅಂಗಡಿಯ ಬಿಳಿ ಹಾಳೆಯೇ ಸುಮಾರು 100 ಮೈಕ್ರಾನ್ ಇರುತ್ತದೆ. ಇಷ್ಟು ತೆಳುವಿನಲ್ಲಿ ಹದಿನೈದು ಇಪ್ಪತ್ತು ಸಾಲು ಜೀವಕೋಶ. ಅಂಗೈ ಅಂಗಾಲಿನಲ್ಲಿ ಮಾತ್ರ ಇದರ ಹತ್ತಾರು ಪಟ್ಟು ದಪ್ಪ.

ಅಮೆರಿಕದ ಚರ್ಮವೈದ್ಯ ಪೀಟರ್ ಎಲಿಯಾಸ್ ಇದನ್ನು ಇಟ್ಟಿಗೆ ಗೋಡೆ ಎಂದು ವಿವರಿಸಿದರು. ಸತ್ತ ಜೀವಕೋಶಗಳೇ ಇಟ್ಟಿಗೆ. ನಡುವಿನ ಕೊಬ್ಬೇ ಗಾರೆ. ಆ ಗಾರೆಯಲ್ಲಿ ಅರ್ಧದಷ್ಟು ಸೆರಮೈಡ್ ಎಂಬ ಕೊಬ್ಬು, ಕಾಲು ಭಾಗ ಕೊಲೆಸ್ಟ್ರಾಲ್, ಉಳಿದದ್ದು ಬಹುಪಾಲು ಕೊಬ್ಬಿನಾಮ್ಲ. ರಕ್ತದಲ್ಲಿ ಜಾಸ್ತಿಯಾಯಿತು ಎಂದು ನಾವು ಹೆದರುವ ಅದೇ ಕೊಲೆಸ್ಟ್ರಾಲ್. ನೀರು ಇಟ್ಟಿಗೆಯನ್ನು ಸುಲಭಕ್ಕೆ ದಾಟಲಾರದು. ಗಾರೆಯಲ್ಲಿ ಸುತ್ತಿ ಬಳಸಿಕೊಂಡು ಹೋಗಬೇಕು. ಆದ್ದರಿಂದಲೇ ಮೈಯೊಳಗೆ ಅಷ್ಟೊಂದು ನೀರು ಇದ್ದರೂ, ಬೆವರು ಬಿಟ್ಟು ಚರ್ಮದಿಂದ ದಿನಕ್ಕೆ ಆವಿಯಾಗಿ ಹೋಗುವುದು ಸುಮಾರು 300-400 ಮಿಲಿಲೀಟರ್ ಮಾತ್ರ.

ಗೋಡೆ ಎಂದಮೇಲೆ ಸುಮ್ನೆ ನಿಂತಿರುತ್ತದೆ ಅನ್ನಿಸಬಹುದು. ಇಲ್ಲ. ಚರ್ಮದ ಮೇಲೆ ಸೆಲೋಟೇಪ್ ಅಂಟಿಸಿ ಕೀಳುತ್ತಾ ಹೋದರೆ ಈ ಪದರ ಸಾಲುಸಾಲಾಗಿ ಕಿತ್ತು ಬರುತ್ತದೆ. ವಿಜ್ಞಾನಿಗಳು ಬಹಳ ವರ್ಷದಿಂದ ಮಾಡುತ್ತಿರುವ ಪರೀಕ್ಷೆ ಇದು. ಕಿತ್ತ ಕೂಡಲೇ ನೀರು ಜಾಸ್ತಿ ಆವಿಯಾಗುತ್ತದೆ. ಕೆಳಗಿನ ಜೀವಂತ ಕೋಶಗಳು ಕೆಲವೇ ನಿಮಿಷದಲ್ಲಿ ಕೂಡಿಟ್ಟ ಕೊಬ್ಬನ್ನು ಹೊರಗೆ ಸುರಿಯುತ್ತವೆ. ಆಮೇಲೆ ಹೊಸದಾಗಿ ತಯಾರಿಸಲು ಶುರುಮಾಡುತ್ತವೆ. ಆರೋಗ್ಯವಂತ ಹರೆಯದವರಲ್ಲಿ ಅರ್ಧಕ್ಕಿಂತ ಹೆಚ್ಚು ರಿಪೇರಿ ಅರ್ಧ ದಿನದಲ್ಲೇ ಮುಗಿಯುತ್ತದೆ. ಪೂರ್ತಿ ಆಗಲು ಮೂರು ದಿನ ಬೇಕು. ವಯಸ್ಸಾದವರಿಗೆ ಇನ್ನೂ ಜಾಸ್ತಿ. ನನಗೆ ಇದರಲ್ಲಿ ತುಂಬ ಇಷ್ಟವಾದ ಸಂಗತಿ ಬೇರೆ. ಟೇಪಿನಿಂದ ಕಿತ್ತ ಜಾಗವನ್ನು ಕೂಡಲೇ ಆವಿ ದಾಟದ ರಬ್ಬರಿನಲ್ಲಿ ಸುತ್ತಿಬಿಟ್ಟರೆ ರಿಪೇರಿಯೇ ನಿಂತುಹೋಗುತ್ತದೆ. ಅಂದರೆ ನೀರು ಹೋಗುತ್ತಿರುವುದೇ ಚರ್ಮಕ್ಕೆ ಸಿಗುವ ಸುದ್ದಿ. ನೀರು ಹೋಗುವುದು ನಿಂತರೆ, ಎಲ್ಲ ಸರಿಯಾಯಿತು ಎಂದು ಅದು ಕೆಲಸ ನಿಲ್ಲಿಸುತ್ತದೆ.

ಈಗ ಇದೇ ವಿಷಯ ಮೊಬೈಲಿನಲ್ಲಿ ಬೇರೆ ವೇಷದಲ್ಲಿ ಬರುತ್ತಿದೆ. ಕುವೆಂಪುನಗರದಲ್ಲಿರುವ ನಮ್ಮ ಅಣ್ಣನ ಮಗಳು 'ಸ್ಕಿನ್ ಬ್ಯಾರಿಯರ್' ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಅವಳ ಕನ್ನಡಿ ಮುಂದೆ ಸೀರಮ್, ಟೋನರ್, ಸೆರಮೈಡ್ ಕ್ರೀಮುಗಳ ಸಾಲೇ ಇದೆ. ಒಂದು ಶೀಶೆಯ ಆಸಿಡ್ಡು ಪದರವನ್ನು ಕೆರೆದು ತೆಗೆಯುತ್ತದೆ, ಇನ್ನೊಂದು ಡಬ್ಬಿಯ ಕ್ರೀಮು ಅದನ್ನು ಮತ್ತೆ ಕಟ್ಟುತ್ತದಂತೆ. ಎರಡನ್ನೂ ಮಾರುವುದು ಒಂದೇ ಕಂಪನಿ! ಅವಳಿಗೆ ಬೇಜಾರಾಗುತ್ತದೆ ಎಂದು ನಾನು ಜಾಸ್ತಿ ಹೇಳುವುದಿಲ್ಲ. ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತದೆ. ಈ ಪದರ ನಿಜವಾಗಿ ಹರಿದುಹೋಗಿರುವವರು ಯಾರೂ ಆ ರೀಲುಗಳಲ್ಲಿ ಕಾಣುವುದಿಲ್ಲ. ಅವರದ್ದು ಕೈಯಲ್ಲಿ, ಕಾಲಿನ ಸಂದಿಯಲ್ಲಿ ಹರಿದಿರುತ್ತದೆ. ಕೆಲಸ ಮಾಡಿ ಮಾಡಿ ಹರಿದಿರುತ್ತದೆ.

ಮೊದಲು ಸೋಪಿನ ಕಥೆ ಹೇಳಿಬಿಡುತ್ತೇನೆ. ಶ್ರೀಗಂಧದೆಣ್ಣೆ ತೆಗೆದು, 1918ರಿಂದ ಸೋಪು ಮಾಡಿದ ಸಂಸ್ಥಾನ ನಮ್ಮದು. ಆ ಘಮ ಇಲ್ಲದ ಬಚ್ಚಲು ನನಗೂ ಬೇಡ. ಆದರೆ ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಯಾವ ಕಂಪನಿಯ ಸೋಪೇ ಆಗಲಿ, ಅದರ ಪಿಹೆಚ್ (ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ, ಏರಿದಷ್ಟೂ ಕ್ಷಾರ) 9-10ರ ಹತ್ತಿರ ಇರುತ್ತದೆ. ಚರ್ಮದ ಮೇಲ್ಮೈ ಹುಳಿಯ ಕಡೆಗಿದೆ, ಸುಮಾರು 4.5ರಿಂದ 5.5. ಈ ಹುಳಿ ಸುಮ್ನೆ ಇರುವುದಲ್ಲ. ಗಾರೆಗೆ ಬೇಕಾದ ಸೆರಮೈಡ್ ತಯಾರಿಸುವ ಕಿಣ್ವಗಳು ಹುಳಿಯಲ್ಲೇ ಕೆಲಸ ಮಾಡುತ್ತವೆ. ಪಿಹೆಚ್ ಏರಿದರೆ ಅವು ಮಂಕಾಗುತ್ತವೆ. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆಯನ್ನು ಕತ್ತರಿಸುವ ಕಿಣ್ವಗಳು ಆಗ ಚುರುಕಾಗುತ್ತವೆ. ಕಟ್ಟುವವರು ಕೈಕಟ್ಟಿ ಕೂತು, ಕೆಡವುವವರು ಎದ್ದು ನಿಂತ ಹಾಗೆ. ಸೋಪು ಹಾಕಿ ತೊಳೆದ ಮೇಲೆ ಮತ್ತೆ ಹುಳಿ ಕಡೆಗೆ ಬರಲು ಒಳ್ಳೆಯ ಚರ್ಮಕ್ಕೂ ಒಂದೆರಡು ಗಂಟೆ ಬೇಕು. ದಿನಕ್ಕೊಂದು ಸ್ನಾನಕ್ಕೆ ಇದು ಲೆಕ್ಕಕ್ಕೇ ಇಲ್ಲ. ದಿನವಿಡೀ ಸೋಪಿನ ನೀರಿನಲ್ಲಿ ಕೈಯಿಟ್ಟವರಿಗೆ ಆ ಒಂದೆರಡು ಗಂಟೆ ಸಿಗುವುದೇ ಇಲ್ಲ.

ಸೋಪಿನ ಡಬ್ಬಿಯ ಮೇಲಿನ ಟಿಎಫ್‌ಎಂ ನೋಡಿ ಕೊಳ್ಳುವವರು ನಮ್ಮಲ್ಲಿ ಬಹಳ. 76ಕ್ಕಿಂತ ಮೇಲಿದ್ದರೆ ಗ್ರೇಡ್ 1. ಸೋಪಿನಲ್ಲಿ ಕೊಬ್ಬಿನಂಶ ಎಷ್ಟು ಎಂದು ಅದು ಹೇಳುತ್ತದೆ, ಕ್ಷಾರ ಎಷ್ಟು ಎಂದಲ್ಲ.

ಮಂಡ್ಯ ಕಡೆಯ ನೆಂಟರ ಮನೆಗೆ ಹೋದರೆ ಇನ್ನೊಂದು ದೂರು ಕೇಳುತ್ತೇನೆ: ಬೋರ್‌ವೆಲ್ ನೀರು ಗಡಸು, ಮೈಯೆಲ್ಲ ಬಿರಿಯುತ್ತದೆ. ಅದರಲ್ಲಿ ನಿಜವಿದೆ. ಗಡಸು ನೀರಿನಲ್ಲಿ ನೊರೆ ಬರುವುದಿಲ್ಲ, ಅದಕ್ಕೆ ಸೋಪು ಜಾಸ್ತಿ ಉಜ್ಜುತ್ತೇವೆ. ಕ್ಯಾಲ್ಸಿಯಂ ಜೊತೆ ಸೇರಿದ ಸೋಪು ಜಿಡ್ಡಾಗಿ ಮೈಮೇಲೆ ಉಳಿಯುತ್ತದೆ. ಇಂಗ್ಲೆಂಡಿನಲ್ಲೂ ಗಡಸು ನೀರಿನ ಊರಿನ ಮಕ್ಕಳಲ್ಲಿ ಎಗ್ಜಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ, ಹೆಚ್ಚು ಕಂಡಿತ್ತು. ಹಾಗಾದರೆ ನೀರನ್ನು ಮೆದು ಮಾಡುವ ಯಂತ್ರ ಹಾಕಿದರೆ ಸರಿಹೋಗಬೇಕಲ್ಲ? 336 ಎಗ್ಜಿಮಾ ಮಕ್ಕಳ ಮೇಲೆ ಅಲ್ಲಿ ಅದನ್ನೂ ನೋಡಿದರು. 2011ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಉಪಯೋಗ ಏನೂ ಕಾಣಲಿಲ್ಲ. ಎಗ್ಜಿಮಾ ವಾಸಿಯಾಗುತ್ತದೆ ಎಂದು ಯಾರಾದರೂ ಆ ಯಂತ್ರ ಮಾರಲು ಬಂದರೆ, ಟೀ ಕೊಟ್ಟು ಕಳಿಸಿ.

ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಪಾಂಡವಪುರ, ಮಂಡ್ಯ, ಮದ್ದೂರಿನ ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ. ಹೆಂಗಸರು ಬೆಳಗ್ಗೆ ಕೆಸರಿಗೆ ಇಳಿದರೆ ಹೊರಬರುವುದು ಬುತ್ತಿ ಹೊತ್ತಿಗೆ, ಮತ್ತೆ ಸಂಜೆಗೆ. ಈ ಪದರ ನೀರನ್ನು ತಡೆಯುವುದು ನಿಜ, ಆದರೆ ಗಂಟೆಗಟ್ಟಲೆ ನೆನೆದರೆ ತಾನೇ ಊದಿ, ನಡುವಿನ ಗಾರೆ ಸಡಿಲವಾಗುತ್ತದೆ. ಕಾಲ್ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಬೆಂದ ಹಾಗಾಗುತ್ತದೆ, ಸುಲಿಯುತ್ತದೆ, ಬೂಷ್ಟು ಹಿಡಿಯುತ್ತದೆ. ನಮ್ಮ ದೊಡ್ಡಮ್ಮ ಗದ್ದೆಗೆ ಇಳಿಯುವ ಮೊದಲೇ ಬೆರಳ ಸಂದಿಗೆ ಹರಳೆಣ್ಣೆ ಬಳಿದುಕೊಳ್ಳುತ್ತಿದ್ದರು. ಮಂದ ಎಣ್ಣೆ, ನೀರಿಗೆ ಬೇಗ ಬಿಡುವುದಿಲ್ಲ. ಗಾಯವಾದ ಮೇಲೆ ಹಚ್ಚುವುದಕ್ಕಿಂತ ಮೊದಲೇ ಹಚ್ಚುವುದು ಜಾಣತನ. ಇವತ್ತಿನ ಚರ್ಮವೈದ್ಯರೂ ಕೈ ಕೆಲಸದವರಿಗೆ ಹೇಳುವುದು ಇದನ್ನೇ. ಆಮೇಲೆ ಕಬ್ಬು ಕಡಿಯುವವರು ಇದ್ದಾರೆ. ಸೋಗೆಯ ಅಂಚು ತೋಳು ಕೊಯ್ಯುತ್ತದೆ, ಸುಂಕು ಕೊರಳಲ್ಲಿ ಕೂರುತ್ತದೆ, ಅದರ ಮೇಲೆ ಬೆವರು ಹರಿಯುತ್ತದೆ.

ಮೈಸೂರಿನ ಹೊರಗೆ ಲೇಔಟುಗಳು ಎದ್ದಿರುವ ಕಡೆ ಗಾರೆ ಕೆಲಸದವರ ಕೈ ನೋಡಿ. ಹಸಿ ಸಿಮೆಂಟಿನ ಪಿಹೆಚ್ 12ರ ಮೇಲೆ. ಅದರಲ್ಲಿ ಇರಬಹುದಾದ ಕ್ರೋಮಿಯಂಗೆ ಅಲರ್ಜಿ ಒಮ್ಮೆ ಶುರುವಾದರೆ ಜೀವಮಾನವಿಡೀ ಬಿಡುವುದು ಕಷ್ಟ. ಅದೇ ಲೇಔಟಿನ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಈ ಕಳೆಯ ಧೂಳು ಗಾಳಿಯಲ್ಲಿ ಬಂದು, ಚರ್ಮ ತೀರಾ ತೆಳುವಾಗಿರುವ ರೆಪ್ಪೆಯ ಮೇಲೆ, ಕೊರಳಲ್ಲಿ, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ಊರೂರಿನ ರೈತರ ಮುಖ ಕಪ್ಪಾಗಿ ದಡ್ಡುಗಟ್ಟಿರುವುದಕ್ಕೆ ಬಿಸಿಲೊಂದೇ ಕಾರಣ ಅಲ್ಲ.

ಜರ್ಮನಿಯಲ್ಲಿ ಕೆಲಸಗಾರರ ಸುರಕ್ಷತೆಗೆ ಒಂದು ಲೆಕ್ಕ ಇದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಾಗಿದ್ದರೆ ಅದು ಚರ್ಮಕ್ಕೆ ಅಪಾಯದ ಕೆಲಸ. ಕ್ಷೌರಿಕರು, ನರ್ಸುಗಳು, ಅಡುಗೆಯವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ಇಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಂಗಸು ಬೆಳಗ್ಗೆ ಹತ್ತು ಗಂಟೆಗೇ ಆ ಲೆಕ್ಕ ಮುಗಿಸಿರುತ್ತಾಳೆ. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ, ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ರೇಷ್ಮೆ ನೂಲು ತೆಗೆಯುವವರು, ಛತ್ರದಲ್ಲಿ ಅಡುಗೆ ಭಟ್ಟರ ಹಿಂದೆ ತರಕಾರಿ ಹೆಚ್ಚುವವರು. ಇವರದ್ದು ಯಾವ ಪಟ್ಟಿಯೂ ನಾನು ನೋಡಿಲ್ಲ.

ನಮ್ಮ ಬೀದಿಯಲ್ಲಿ ಮನೆಗೆಲಸಕ್ಕೆ ಬರುವ ಹೆಂಗಸಿನ ಬೆರಳುಗಳು ಹೀಗೇ ಸೀಳಿದ್ದವು. ಮಾಗಿ ಚಳಿ ಬಂದರೆ ರಕ್ತ ಜಿನುಗುತ್ತಿತ್ತು. ಡಾಕ್ಟರು ನೋಡಿ, ಎಗ್ಜಿಮಾ, ನೀರು ಮುಟ್ಟಬೇಡಿ ಎಂದರಂತೆ. "ನೀರು ಮುಟ್ಟದೆ ಸಂಬಳ ಯಾರು ಕೊಡ್ತಾರೆ ಹೇಳಿ" ಎಂದು ಅವರು ನಕ್ಕರು. ಡಾಕ್ಟರು ಹೇಳಿದ್ದು ತಪ್ಪೇನಲ್ಲ. ಆದರೆ ಆ ಸಲಹೆಯನ್ನು ಪಾಲಿಸುವ ಶಕ್ತಿ ಅವರ ಕೈಯಲ್ಲಿ ಇರಲಿಲ್ಲ. ಅದು ನಮ್ಮಂಥ ಮನೆಯವರ ಕೈಯಲ್ಲಿತ್ತು.

ಹೀಗೆ ದಾರಿ ಕಾಣದವರು ಹೋಗುವುದು ಮೆಡಿಕಲ್ ಸ್ಟೋರಿಗೆ. ಅಲ್ಲಿ ಕೊಡುವ ಟ್ಯೂಬಿನಲ್ಲಿ ಬಹಳ ಸಲ ಕ್ಲೋಬೆಟಸಾಲ್‌ನಂಥ ಜೋರಾದ ಸ್ಟೀರಾಯ್ಡ್ ಇರುತ್ತದೆ, ಜೊತೆಗೆ ಬೂಷ್ಟಿನ ಔಷಧ, ಬ್ಯಾಕ್ಟೀರಿಯಾದ ಔಷಧ ಎಲ್ಲ ಸೇರಿಸಿರುತ್ತಾರೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಅದೇ ಅದರ ಮೋಸ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಸ್ಟೀರಾಯ್ಡ್ ಒಳ್ಳೆಯ ಔಷಧ. ಎಗ್ಜಿಮಾಕ್ಕೆ ಬಹಳ ಸಲ ಅದು ಬೇಕೇ ಬೇಕಾಗುತ್ತದೆ. ಆದರೆ ತಿಂಗಳುಗಟ್ಟಲೆ ಹಚ್ಚಿದರೆ ಆ ಗಾರೆಯ ಕೊಬ್ಬು ತಯಾರಾಗುವುದೇ ಕಡಿಮೆಯಾಗಿ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರಂತೂ ಮೇಲೆ ಕೆಂಪು ಮಾಸಿ, ಒಳಗೆ ಬೂಷ್ಟು ಹರಡುತ್ತಾ ಹೋಗುತ್ತದೆ. ಮುಖ ಬೆಳ್ಳಗಾಗಲಿ ಎಂದು ಹಚ್ಚುವವರದ್ದು ಬೇರೆಯೇ ಗೋಳು. ಹಚ್ಚಿದರೆ ಚೆಂದ, ನಿಲ್ಲಿಸಿದರೆ ಉರಿ. ದೇಶದ ಚರ್ಮವೈದ್ಯರು ಗಲಾಟೆ ಮಾಡಿದ ಮೇಲೆ 2018ರಲ್ಲಿ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಆದೇಶ ಮಾಡಿತು. ಆದೇಶ ಇದೆ. ಟ್ಯೂಬೂ ಸಿಗುತ್ತದೆ.

ಎಲ್ಲ ತಪ್ಪನ್ನೂ ಸೋಪು, ನೀರಿನ ಮೇಲೆ ಹೊರಿಸುವಂತಿಲ್ಲ. ಕೆಲವರಿಗೆ ಈ ಪದರ ಹುಟ್ಟಿನಿಂದಲೇ ಬಡವಾಗಿರುತ್ತದೆ. 2006ರಲ್ಲಿ ಸ್ಕಾಟ್‌ಲ್ಯಾಂಡಿನ ಡಂಡೀ ವಿಶ್ವವಿದ್ಯಾಲಯದ ಅರ್ವಿನ್ ಮ್ಯಾಕ್ಲೀನ್ ತಂಡ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟರೆ ಎಗ್ಜಿಮಾ ಬರುವ ಸಂಭವ ಬಹಳ ಹೆಚ್ಚುತ್ತದೆ ಎಂದು ತೋರಿಸಿತು. ಈ ಪ್ರೋಟೀನು ಒಡೆದಾಗ ಹುಟ್ಟುವ ಸಣ್ಣ ಅಣುಗಳೇ ಮೇಲಿನ ಪದರದಲ್ಲಿ ನೀರನ್ನು ಹಿಡಿದಿಡುತ್ತವೆ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಜನರಲ್ಲಿ ಕೆಟ್ಟ ಜೀನಿನ ಒಂದು ಪ್ರತಿ ಇದೆ. ಅದು ಇದ್ದವರ ಅಂಗೈಯಲ್ಲಿ ಬಹಳ ಸಲ ಗೆರೆಗಳು ಜಾಸ್ತಿ, ಆಳವೂ ಜಾಸ್ತಿ. ಅರಮನೆ ಸುತ್ತ ಕೈ ನೋಡಿ ಭವಿಷ್ಯ ಹೇಳುವವರಿಗೆ ಇದು ಗೊತ್ತಾದರೆ, ಮಗುವಿಗೆ ಎಗ್ಜಿಮಾ ಬರಬಹುದು ಎಂದು ಹೇಳಿ ಒಂದಷ್ಟು ನಿಜ ನುಡಿಯಬಹುದು.

ಎಣ್ಣೆಯ ವಿಷಯಕ್ಕೆ ಬಂದರೆ ನಮ್ಮವರು ತುಂಬ ಭಾವುಕರಾಗುತ್ತಾರೆ. ಎಲ್ಲದಕ್ಕೂ ಅಜ್ಜಿಯ ಕಾಲದ ಎಣ್ಣೆಸ್ನಾನ ಮದ್ದು ಅನ್ನುತ್ತಾರೆ. ನಿಜ ಎಷ್ಟಿದೆ ನೋಡೋಣ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಈ ಪದರ ಇನ್ನೂ ಬಲಿತಿರುವುದಿಲ್ಲ. ಅಲ್ಲಿಂದಲೇ ಸೋಂಕು ಒಳಗೆ ಹೋಗುತ್ತದೆ. ಢಾಕಾದ ಆಸ್ಪತ್ರೆಯೊಂದರಲ್ಲಿ ಅಂಥ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದರು. 2005ರಲ್ಲಿ ಬಂದ ವರದಿಯ ಪ್ರಕಾರ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇ. 41ರಷ್ಟು ಕಡಿಮೆಯಾಯಿತು. ಸಾಮಾನ್ಯ ಅಡುಗೆ ಎಣ್ಣೆ! ಹಾಗೆಂದು ಎಲ್ಲ ಎಣ್ಣೆಯೂ ಒಂದೇ ಅಲ್ಲ. ಆಲಿವ್ ಎಣ್ಣೆಯಲ್ಲಿ ಜಾಸ್ತಿ ಇರುವ ಓಲಿಯಿಕ್ ಆಮ್ಲ ಗಾರೆಯನ್ನೇ ಸಡಿಲ ಮಾಡುತ್ತದೆ. ವಿದೇಶದ್ದು ಎಂದು ಮಗುವಿಗೆ ಅದನ್ನು ತಿಕ್ಕುವವರು ನಮ್ಮ ಕೊಬ್ಬರಿ ಎಣ್ಣೆಗೇ ವಾಪಸು ಬರಬಹುದು. ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಮಿನರಲ್ ಆಯಿಲಿನಷ್ಟೇ ಕೆಲಸ ಮಾಡುತ್ತದೆ ಎಂದು 2004ರ ಒಂದು ಚಿಕ್ಕ ಪರೀಕ್ಷೆಯಲ್ಲಿ ಕಂಡಿದೆ. ಇನ್ನು ಆರೋಗ್ಯವಾದ ಮಗುವಿಗೆ ಹುಟ್ಟಿದಾಗಿನಿಂದ ದಿನವೂ ಕ್ರೀಮು ಹಚ್ಚಿದರೆ ಎಗ್ಜಿಮಾ ಬರುವುದೇ ಇಲ್ಲ ಎಂಬ ಆಸೆ ಇತ್ತು. ಬ್ರಿಟನ್ನಿನಲ್ಲಿ 1,394 ಮಕ್ಕಳ ಮೇಲೆ ನೋಡಿ, ಹಾಗೇನೂ ತಡೆಯುವುದಿಲ್ಲ ಎಂದು 2020ರಲ್ಲಿ ಹೇಳಿದರು.

ದೀಪಾವಳಿಯ ಎಣ್ಣೆಸ್ನಾನದಲ್ಲಿ ಹರಳೆಣ್ಣೆಗಿಂತ ಅಪಾಯ ಅದರ ನಂತರದ ಉಜ್ಜಾಟ. ಕುದಿಯುವ ಹಂಡೆ ನೀರು, ಹೀರೇಕಾಯಿ ನಾರು, ಮೈ ಉಜ್ಜುವ ಕಲ್ಲು. ಸುರುಳಿ ಸುರುಳಿಯಾಗಿ ಬರುವ ಕಪ್ಪನ್ನು ತೋರಿಸಿ "ನೋಡು ಎಷ್ಟು ಕೊಳೆ" ಎಂದು ಬೈಯುತ್ತಿದ್ದರಲ್ಲ, ಅದರಲ್ಲಿ ಕೊಳೆಗಿಂತ ಈ ಪದರವೇ ಜಾಸ್ತಿ. ಹಿಮ್ಮಡಿಗೆ ಕಲ್ಲು ಸರಿ. ಅಲ್ಲಿ ಪದರ ದಪ್ಪ, ಎಣ್ಣೆ ಗ್ರಂಥಿಯೂ ಇಲ್ಲ. ಬೆನ್ನಿಗೆ ಕಡಲೆಹಿಟ್ಟೋ ಸೀಗೆಪುಡಿಯೋ ಮೆತ್ತಗೆ ಸಾಕು.

ಸೆರಮೈಡ್ ಕ್ರೀಮಿನ ಮೇಲೆ ನನಗೆ ದ್ವೇಷವಿಲ್ಲ. ಎಗ್ಜಿಮಾ ಇರುವವರಿಗೆ ಅದರಿಂದ ಉಪಯೋಗ ಇದೆ. ಆದರೆ ಅದರ ಬೆಲೆಗೆ ಹತ್ತು ಡಬ್ಬಿ ಪೆಟ್ರೋಲಿಯಂ ಜೆಲ್ಲಿ ಬರುತ್ತದೆ. ಅಮೆರಿಕದ ರಾಬರ್ಟ್ ಚೀಸ್‌ಬ್ರೊ 1872ರಲ್ಲಿ ಪೇಟೆಂಟು ಮಾಡಿಸಿದ ಆ ಜಿಡ್ಡು ಇವತ್ತಿಗೂ ನೀರು ಆರದ ಹಾಗೆ ತಡೆಯುವುದರಲ್ಲಿ ಮೊದಲನೆಯದು. ರಬ್ಬರ್ ಸುತ್ತಿದರೆ ನಿಲ್ಲುವ ರಿಪೇರಿ ಇದನ್ನು ಹಚ್ಚಿದರೆ ನಿಲ್ಲುವುದಿಲ್ಲ, ಯಾಕೆಂದರೆ ಇದು ಪದರದ ಸಂದಿಯೊಳಕ್ಕೆ ಇಳಿಯುತ್ತದೆ, ಸ್ವಲ್ಪ ಆವಿಯನ್ನೂ ಬಿಡುತ್ತದೆ.

ನಮ್ಮ ಬೀದಿಯ ಆ ಹೆಂಗಸಿನ ಕೈಗೆ ಆದದ್ದೂ ಇದೇ. ಚರ್ಮವೈದ್ಯರು ಬರೆದುಕೊಟ್ಟ ಮುಲಾಮು ಕೆಲವು ದಿನ, ರಾತ್ರಿ ಪೆಟ್ರೋಲಿಯಂ ಜೆಲ್ಲಿ ಬಳಿದು ಹಳೆಯ ಹತ್ತಿ ಸಾಕ್ಸು. ಕೆಲಸದ ಹೊತ್ತಿನಲ್ಲಿ ಉದ್ದ ತೋಳಿನ ರಬ್ಬರ್ ಗ್ಲೌಸ್. ಬರೀ ರಬ್ಬರ್ ಹಾಕಿದರೆ ಒಳಗೆ ಬೆವರಿ ಮತ್ತೆ ನೆನೆಯುತ್ತದೆ, ಅದಕ್ಕೇ ಒಳಗೊಂದು ತೆಳು ಹತ್ತಿ ಗ್ಲೌಸ್. ಶುರುವಿನಲ್ಲಿ ಪಾತ್ರೆ ಜಾರುತ್ತದೆ ಎಂದು ಗೊಣಗಿದರು. ನಮ್ಮ ಸ್ಟೀಲ್ ಲೋಟವೊಂದು ನುಗ್ಗಾಗಿದ್ದೂ ಹೌದು. ಬೆರಳ ಸೀಳು ಕೂಡಿಕೊಳ್ಳಲು ಎರಡು ತಿಂಗಳ ಹತ್ತಿರ ಹಿಡಿಯಿತು. ಗ್ಲೌಸ್ ತೂತು ಬಿದ್ದರೆ ಒಳಗೆ ಸೋಪಿನ ನೀರು ನಿಂತು ಮೊದಲಿಗಿಂತ ಕಷ್ಟ, ಆದ್ದರಿಂದ ಆಗಾಗ ಹೊಸದು ಬೇಕು. ಅದರ ಖರ್ಚು ಮನೆಯವರದ್ದು ಎಂದು ಅವರು ಕೆಲಸ ಮಾಡುವ ನಾಲ್ಕು ಮನೆಗಳಲ್ಲಿ ಮೂರು ಮನೆಯವರು ಒಪ್ಪಿಕೊಂಡಿದ್ದೇವೆ. ನಾಲ್ಕನೆಯವರು, ಅದೂ ಒಂದು ಜೊತೆ ಗ್ಲೌಸಿಗೆ, ಇನ್ನೂ ಯೋಚನೆ ಮಾಡುತ್ತಿದ್ದಾರೆ.